ಎಡೆಗೆ ಮುಂಚೆ ತೆಗೆದಿಟ್ಟ ಊಟ

ಆಗಸ್ಟ್ 11, ಸೋಮವಾರ, ಮಧ್ಯಾಹ್ನ 12 ಗಂಟೆ 40 ನಿಮಿಷ. ಚಾಮರಾಜಪೇಟೆಯಲ್ಲಿ ನನ್ನ ಗೆಳತಿಯ ಮನೆಯ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಗಡಿಯಾರ ನೋಡಲು ಕಾರಣವಿತ್ತು. ಪೂಜೆಯ ದಿನ ಅಷ್ಟು ಬೇಗ ಆ ಮನೆಗೆ ನಾನು ಹೋದದ್ದೇ ಇಲ್ಲ. ಹಬ್ಬಗಳಲ್ಲಿ, ಶ್ರಾವಣದ ಸೋಮವಾರಗಳಲ್ಲಿ ಅವರ ಪೂಜೆಯೆಲ್ಲ ಮುಗಿದು ಊಟಕ್ಕೆ ಕೂರುವ ಹೊತ್ತಿಗೆ, ಅಂದರೆ ಎರಡು ಗಂಟೆಯ ಮೇಲೆ, ಹೋಗುವುದು ನನ್ನ ರೂಢಿ. ಅವತ್ತು ನಾನು ಕೆಲಸ ಮಾಡುವ ಬಸವನಗುಡಿಯ ರಕ್ತಪರೀಕ್ಷೆಯ ಲ್ಯಾಬ್‌ನಲ್ಲಿ ಯಂತ್ರ ಕೆಟ್ಟು, ಹನ್ನೆರಡಕ್ಕೇ ಮನೆಗೆ ಬಿಟ್ಟಿದ್ದರು.

ಗೆಳತಿಯ ಅಮ್ಮ ನನಗೆ ಬೆನ್ನು ಮಾಡಿ ನಿಂತಿದ್ದರು. ಅವರನ್ನು ನಾನು ಆಂಟಿ ಅನ್ನುತ್ತೇನೆ. ದೇವರ ಮುಂದೆ ಇಟ್ಟು ತಂದ ಎಡೆಯ ತಟ್ಟೆ ಅವರ ಎಡಗೈಯಲ್ಲಿತ್ತು. ಅದರಿಂದ ಚೂರು ಚೂರು ತೆಗೆದು ಅಡುಗೆಯ ಪಾತ್ರೆಗಳಿಗೆಲ್ಲ ಹಾಕುತ್ತಿದ್ದರು. ಅನ್ನದ ಪಾತ್ರೆಗೆ ನಾಲ್ಕು ಅಗುಳು, ಒಬ್ಬಟ್ಟಿನ ಸಾರಿಗೆ ಅರ್ಧ ಚಮಚ, ಕೋಸಂಬರಿಗೆ ಒಂದು ಚಿಟಿಕೆ, ಒಬ್ಬಟ್ಟಿನ ರಾಶಿಯ ಮೇಲೆ ಒಂದು ಚೂರು. ಹಾಗೆ ಬೆರೆಸಿದ ಮೇಲೆ ಮಾಡಿದ ಅಡುಗೆಯೆಲ್ಲ ಪ್ರಸಾದ. ಆಮೇಲೆ ಶೆಲ್ಫಿನಿಂದ ಮೂರು ಖಾನೆಯ ಒಂದು ಸ್ಟೀಲ್ ಕ್ಯಾರಿಯರ್ ಇಳಿಸಿ, ಅದಕ್ಕೆ ಅದೇ ಪಾತ್ರೆಗಳಿಂದ ತುಂಬತೊಡಗಿದರು. ಮುಚ್ಚಳದ ಮೇಲೆ ನೀಲಿ ನೇಲ್ ಪಾಲಿಶ್‌ನ ಚುಕ್ಕೆ ಇತ್ತು.

“ಆಂಟಿ, ಅದು ನನ್ನ ಕ್ಯಾರಿಯರ್ ಅಲ್ವಾ?”

ಬೆಚ್ಚಿ ತಿರುಗಿದರು. “ಅಯ್ಯೋ, ಯಾವಾಗ್ ಬಂದ್ಯೇ ಪುಟ್ಟಿ! ನಿಂದೇ, ಇನ್ಯಾರ್ದು? ಕೂತ್ಕೋ. ಬಿಸಿ ಒಬ್ಬಟ್ಟು ತಿನ್ನೋ ಯೋಗ ಇವತ್ತಾದ್ರೂ ಬಂತಲ್ಲ ನಿಂಗೆ.”

“ಅಲ್ಲ ಆಂಟಿ, ಇದನ್ನ ಎಡೆಗೆ ಮುಂಚೆ ತುಂಬಿಡ್ತೀರಲ್ವಾ?”

ಅವರ ಕೈಯಲ್ಲಿದ್ದ ಸೌಟು ನಿಂತಿತು. “ಮುಂಚೆನಾ? ದೇವ್ರಿಗೆ ತೋರಿಸ್ದೇನಾ? ಶಿವ ಶಿವಾ, ಎಂಥ ಮಾತು! ಈ ಮನೇಲಿ ಮಗು ಹಸಿವು ಅಂತ ಅತ್ರೂ ಎಡೆ ಆಗೋವರ್ಗೂ ಒಂದ್ ಅಗುಳು ಕೊಡಲ್ಲ. ನಮ್ಮತ್ತೆ ಕಾಲದಿಂದ್ಲೂ ಹಂಗೇ.”

“ಯಾವತ್ತೂ ತೆಗೆದಿಟ್ಟಿಲ್ವಾ?”

“ಯಾವತ್ತೂ ಇಲ್ಲ ಕಣಮ್ಮ. ಯಾರ್ ಹೇಳಿದ್ದು ನಿಂಗೆ?”

ಹೇಳಿದವಳು ಅದೇ ಹೊತ್ತಿಗೆ ಒದ್ದೆ ಕೂದಲು ಒರೆಸಿಕೊಳ್ಳುತ್ತ ಒಳಗೆ ಬಂದಳು. “ಏನ್ ಗುರು, ಇಷ್ಟ್ ಬೇಗ…” ಅಂದವಳು ನನ್ನ ಮುಖ ನೋಡಿದಳು, ಅಮ್ಮನ ಮುಂದಿದ್ದ ಕ್ಯಾರಿಯರ್ ನೋಡಿದಳು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ ಹೇಳಬೇಕು.

ಗೆಳತಿಯದು ಶಿವಭಕ್ತರ ಮನೆ. ಅವೆನ್ಯೂ ರಸ್ತೆಯಲ್ಲಿ ಅವರಿಗೆ ತಾತನ ಕಾಲದ ನೋಟ್‌ಬುಕ್ಕಿನ ಅಂಗಡಿಯಿದೆ. ನಮ್ಮದು ಕ್ರೈಸ್ತರ ಮನೆ, ಅವರಿಂದ ನಾಲ್ಕು ಬೀದಿ ಆಚೆ. ಒಂಬತ್ತನೇ ಕ್ಲಾಸಿನಲ್ಲಿ ಒಂದೇ ಬೆಂಚು ನಮ್ಮನ್ನು ಸೇರಿಸಿತು. ಯುಗಾದಿಗೆ ಊಟಕ್ಕೆ ಬಾ ಎಂದು ಅವಳು ಮೊದಲ ಸಲ ಕರೆದಾಗ ನನಗೆ ಹದಿನಾಲ್ಕು. ಅಪ್ಪನನ್ನು ಕೇಳಿದೆ. ಅಪ್ಪ ಬೇಡವೆನ್ನಲಿಲ್ಲ. ಮೂರು ಮಾತು ಹೇಳಿದರು, ನಾನು ಬರೆದುಕೊಂಡೆ. ಒಂದು, ಎಡೆ ಇಟ್ಟದ್ದನ್ನು ತಿನ್ನಬೇಡ. ಎರಡು, ಪೂಜೆಯಲ್ಲಿ ಕೈ ಜೋಡಿಸಬೇಡ, ಆದರೆ ಪೂಜೆ ನಡೆಯುವಾಗ ನಗಲೂಬೇಡ. ಮೂರು, ಇದನ್ನೆಲ್ಲ ಮುಚ್ಚಿಡಬೇಡ, ಮನೆಯ ಹಿರಿಯರಿಗೇ ಹೇಳು, ಮೆತ್ತಗೆ ಹೇಳು. “ಅವರಿಗೆ ನೋವಾದ್ರೆ ಊಟ ಬಿಟ್ಟು ಬಾ. ಮಾತು ಬಿಟ್ಟು ಬರ್ಬೇಡ,” ಅಂದರು.

ಎಡೆಯ ಊಟವೆಂದರೆ ನಮಗೆ ಅಸಹ್ಯವೆಂದು ಯಾರೂ ತಿಳಿಯಬಾರದು. ಆಂಟಿಯ ಕೈಯ ಒಬ್ಬಟ್ಟಿಗೆ ಸಾಟಿ ನಮ್ಮ ಬೀದಿಗಳಲ್ಲಿಲ್ಲ. ಆದರೆ ದೇವರ ಮುಂದೆ ಇಟ್ಟು ತಂದದ್ದನ್ನು ಬಾಯಿಗೆ ಹಾಕಿಕೊಳ್ಳುವುದೆಂದರೆ ಆ ಪೂಜೆಗೆ ಹೌದು ಅನ್ನುವುದು. ಆ ಹೌದನ್ನು ನಾನು ಒಬ್ಬರಿಗೆ ಕೊಟ್ಟಿದ್ದೇನೆ. ಇನ್ನೊಂದು ಕಡೆ ಸುಮ್ಮನೆ ಸೌಜನ್ಯಕ್ಕೆ ಅದನ್ನೇ ಹೇಳಿದರೆ ಅಲ್ಲೂ ಸುಳ್ಳು, ಇಲ್ಲೂ ಸುಳ್ಳು. ಹದಿನಾಲ್ಕರಲ್ಲಿ ಇಷ್ಟು ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಆದರೂ ಗೊತ್ತಿತ್ತು.

ಗೆಳತಿಗೆ ಸ್ಕೂಲಿನ ಮೆಟ್ಟಿಲ ಮೇಲೆ ಹೇಳಿದೆ. ಆಂಟಿಗೆ ನಾನೇ ಹೇಳುವ ಧೈರ್ಯ ಬರಲಿಲ್ಲ. “ಅಷ್ಟೇನಾ? ನಾನ್ ಅಮ್ಮಂಗೆ ಹೇಳ್ತೀನಿ ಬಿಡೇ. ಎಡೆಗೆ ಮುಂಚೇನೇ ನಿಂದು ತೆಗೆದಿಡ್ಸ್ತೀನಿ,” ಅಂದಳು. ಮಾರನೆಯ ದಿನ ಅಮ್ಮ ಒಪ್ಪಿದರು ಅಂದಳು. ಒಂದು ಹಳೆಯ ಕ್ಯಾರಿಯರಿಗೆ ಅವಳೇ ನೀಲಿ ಚುಕ್ಕೆ ಇಟ್ಟಳು. ನಾನು ಹೋದಾಗಲೆಲ್ಲ ಅದರಿಂದಲೇ ನನಗೆ ಬಡಿಸುತ್ತಿದ್ದಳು.

ಡೈರಿ ಬರೆಯುವುದು ಅದರ ಮುಂದಿನ ಜನವರಿಯಿಂದ ಶುರುವಾಯಿತು. ಮೊದಲನೆಯ ಡೈರಿ ಅವರ ಅಂಗಡಿಯದೇ. ಆ ಮನೆಯಲ್ಲಿ ಉಂಡ ದಿನ ತಾರೀಕು, ಏನು ಅಡುಗೆ, ಪಕ್ಕದಲ್ಲಿ ‘ಮುಂಚೆ’ ಎಂಬ ಒಂದು ಪದ ಬರೆಯುತ್ತಿದ್ದೆ. ಆ ಪದವನ್ನು ಕೇಳದೆ ಬರೆದದ್ದಿಲ್ಲ. ಪ್ರತಿ ಸಲ ಕ್ಯಾರಿಯರ್ ತೆರೆಯುವಾಗ “ಮುಂಚೇದಲ್ವಾ?” ಎಂದು ಕೇಳುತ್ತಿದ್ದೆ. ಪ್ರತಿ ಸಲ ಅವಳು “ಹೂಂ ಮಾರಾಯ್ತಿ” ಅನ್ನುತ್ತಿದ್ದಳು. ಆಗಸ್ಟ್ 11ರ ಸಂಜೆ ಹನ್ನೆರಡು ಡೈರಿಗಳನ್ನು ಹರವಿಕೊಂಡು ಕೂತು ಎಣಿಸಿದೆ. ಎಪ್ಪತ್ತೊಂದು. ಡೈರಿಗೆ ಮುಂಚಿನವು ಎಷ್ಟೋ, ಲೆಕ್ಕವಿಲ್ಲ.

ಮತ್ತೆ ಅಡುಗೆಮನೆಗೆ ಬರುತ್ತೇನೆ.

ಆಂಟಿ ಮಗಳ ಮುಖ ನೋಡಿದರು. “ಏನೇ ಇದು? ಇವಳೇನ್ ಕೇಳ್ತಿದಾಳೆ?”

“ಏನಿಲ್ಲ ಬಿಡಮ್ಮ. ಆಮೇಲ್ ಹೇಳ್ತೀನಿ.”

“ಈಗ್ಲೇ ಹೇಳು.”

ಹನ್ನೆರಡು ವರ್ಷ ತಡವಾಗಿ ನಾನೇ ಹೇಳಿದೆ. ಆಂಟಿ ಮೆಲ್ಲಗೆ ಸೌಟನ್ನು ಕೆಳಗಿಟ್ಟು ಮಣೆಯ ಮೇಲೆ ಕೂತರು. ಕೋಪ ಬರುತ್ತದೆಂದು ಕಾದೆ. ಬರಲಿಲ್ಲ.

“ನೀನ್ ಲೇಟಾಗ್ ಬರ್ತೀಯ, ನಿನ್ನ ಪಾಲು ಎತ್ತಿಡು ಅಂತ ಇವಳು ಹೇಳಿದ್ದು. ಅಷ್ಟೇ ಅಂದ್ಕೊಂಡಿದ್ದೆ ನಾನು,” ಅಂದರು. “ಪಾಪ, ಬೇರೆ ದೇವ್ರ ಮನೆ ಮಗು, ಆದ್ರೂ ನಮ್ಮ ಶಿವನ ಪ್ರಸಾದ ಅಂದ್ರೆ ಎಷ್ಟು ಭಕ್ತಿ, ತಟ್ಟೇಲಿ ಒಂದ್ ಅಗುಳು ಬಿಡಲ್ಲ ಅಂತ ಎಲ್ಲರ ಹತ್ರ ಹೇಳ್ಕೊಂಡ್ ಬಂದಿದೀನಲ್ಲೇ. ನಿಂಗೆ ಕೆಲಸ ಸಿಕ್ದಾಗ ನಮ್ಮ ವೈಯಾಲಿಕಾವಲ್ ಅಕ್ಕಂಗೆ ಫೋನ್ ಮಾಡಿದ್ದೆ. ನೋಡಕ್ಕಾ, ಪ್ರಸಾದ ಕೈ ಬಿಡ್ಲಿಲ್ಲ ಅಂತ.”

ತಟ್ಟೆಯಲ್ಲಿ ಅಗುಳು ಬಿಡಬಾರದೆಂದು ನನಗೆ ಕಲಿಸಿದ್ದು ನನ್ನ ಅಮ್ಮ. ಅದನ್ನು ಆಗ ಹೇಳಬೇಕೆನಿಸಲಿಲ್ಲ.

“ತಪ್ಪು ನಂದೂ ಇದೆ ಆಂಟಿ. ನಾನೇ ನಿಮಗೆ ಹೇಳ್ಬೇಕಿತ್ತು.”

“ಹೇಳಿದ್ರೆ ನಾನೇನ್ ನಿನ್ನ ಹೊಡೀತಿದ್ನಾ? ಆಗಲ್ಲ ಕಣಮ್ಮ ಅಂತಿದ್ದೆ. ಬಾಳೆಹಣ್ಣ್ ಕೊಟ್ ಕಳಿಸ್ತಿದ್ದೆ.” ಸೆರಗಿನಿಂದ ಮೂಗು ಒರೆಸಿಕೊಂಡರು. “ನನ್ನ ಕೈಲಿ ನಿಂಗೆ ಮೋಸ ಮಾಡಿಸಿದ್ಲಲ್ಲ ಇವಳು.”

ನಾನು ಚಪ್ಪಲಿ ಹಾಕಿಕೊಂಡು ಹೊರಟೆ. ಗೆಳತಿ ಮನೆಯ ಮುಂದಿನ ಕಲ್ಲಿನ ಮೆಟ್ಟಿಲವರೆಗೆ ಹಿಂದೆಯೇ ಬಂದಳು. ಆಗ ಒಂದು ಗಂಟೆ ಐದು ನಿಮಿಷ. ಅಲ್ಲಿ ನಿಂತು ಆಡಿದ ಮಾತುಗಳನ್ನು ಅವತ್ತೇ ಬರೆದಿಟ್ಟಿದ್ದೇನೆ, ನೆನಪಾದಷ್ಟು.

“ನಿಜ ಹೇಳಿದ್ರೆ ನಿಮ್ಮಪ್ಪ ಕಳಿಸಲ್ಲ ಅಂತಿದ್ರು. ನಂಗೆ ನೀನ್ ಬರ್ಬೇಕಿತ್ತು. ಅಷ್ಟೇ ಕಣೇ.”

“ಹದಿನಾಲ್ಕಕ್ಕೆ ಸರಿ. ಇಪ್ಪತ್ತಾರಕ್ಕೆ?”

“ಶುರು ಮಾಡಿದ್ಮೇಲೆ ನಿಲ್ಸೋದ್ ಹೆಂಗೆ? ಯಾವತ್ತು ಹೇಳಿದ್ರೂ ನೀನು ಹಿಂದಿಂದೆಲ್ಲ ಎಣಿಸ್ತಿದ್ದೆ. ನಿನ್ನ ನಾ ನೋಡಿಲ್ವಾ?”

“ಪ್ರತಿ ಸಲ ಕೇಳ್ತಿದ್ದೆ ನಾನು.”

“ಅದೇ! ಪೊಲೀಸ್ ಥರ ಕೇಳ್ತಿದ್ದೆ. ಮನೇಗ್ ಊಟಕ್ ಕರೆದ್ರೆ ಇವಳೊಬ್ಬಳು ಬಂದು ವಿಚಾರಣೆ ಮಾಡ್ತಾಳೆ ಅಂತ ನಂಗೆ ಎಷ್ಟ್ ಸಲ ಉರ್ದಿದೆ ಗೊತ್ತಾ?” ಮತ್ತೆ ಅಂದಳು, “ಏನಾಯ್ತೀಗ? ಇಷ್ಟ್ ವರ್ಷ ತಿಂದ್ಯಲ್ಲ, ಕೊಂಬು ಬಂತಾ? ನಿಮ್ಮ ದೇವ್ರು ಬಿಟ್ ಹೋದ್ನಾ?”

“ನಮ್ಮ ಮನೇಲಿ ನಿನಗೆ ಅಂತ ಬೇರೆ ಟಿನ್ ಇದೆ. ಮೊಟ್ಟೆ ಸೋಕದ್ದು.”

ಅವರ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅದಕ್ಕೆ ಕ್ರಿಸ್‌ಮಸ್ಸಿಗೆ ಅಮ್ಮ ಅವಳಿಗೆಂದೇ ಮೊಟ್ಟೆಯಿಲ್ಲದ ಕೇಕನ್ನು ಬೇರೆ ಟಿನ್ನಿನಲ್ಲಿ, ಎಲ್ಲಕ್ಕಿಂತ ಮೊದಲು ಮಾಡುತ್ತಾರೆ. ಹಿಟ್ಟು ಕಲಸುವ ಚಮಚವೂ ಬೇರೆ.

“ಇರ್ಬೋದು. ನಾನ್ ಯಾವತ್ತಾದ್ರೂ ಅದನ್ನ ಮೂಸಿ ನೋಡಿದೀನಾ? ‘ಆಂಟಿ, ಮೊಟ್ಟೆ ಹಾಕಿಲ್ಲ ತಾನೆ’ ಅಂತ ಕೇಳಿದೀನಾ? ನಂಬ್ತೀನಿ ಕಣೇ. ನಂಬಿಕೆ ಅಂದ್ರೆ ಅದು.”

ನನಗೆ ಉತ್ತರ ಎರಡನೆಯ ಬೀದಿಯ ತಿರುವಿನಲ್ಲಿ ಹೊಳೆಯಿತು: ನೀನು ನಂಬಿದ್ದೆ, ಮತ್ತು ಅದು ನಿಜವಾಗಿತ್ತು. ನಾನೂ ನಂಬಿದ್ದೆ. ವಾಪಸ್ಸು ಹೋಗಿ ಹೇಳಲಿಲ್ಲ.

ಆದರೆ ಮನೆಗೆ ಹೋಗಿ ನಾನು ಮಾಡಿದ ಮೊದಲ ಕೆಲಸ ನನಗೇ ನಾಚಿಕೆ ತರುವಂಥದ್ದು. ಅಮ್ಮ ಬಟ್ಟೆ ಮಡಚುತ್ತಿದ್ದರು. “ಅಮ್ಮ, ಅವಳ ಕೇಕಿನ ಟಿನ್ನಲ್ಲಿ ಯಾವತ್ತಾದ್ರೂ ಮೊಟ್ಟೆದು ಮಾಡಿದೀರಾ? ಒಂದ್ಸಲ? ಅರ್ಜೆಂಟಿಗೆ?” ಎಂದು ಕೇಳಿದೆ.

ಅಮ್ಮ ಕೈಯಲ್ಲಿದ್ದ ದಿಂಬಿನ ಕವರನ್ನು ಪಕ್ಕಕ್ಕಿಟ್ಟರು. “ನನ್ನನ್ನೇ ಕೇಳ್ತೀಯಾ?”

“ಸುಮ್ನೆ ಕೇಳ್ದೆ.”

“ಇಲ್ಲ. ನೀನ್ ಸುಮ್ನೆ ಕೇಳ್ಲಿಲ್ಲ.” ಅವತ್ತೆಲ್ಲ ನನ್ನೊಂದಿಗೆ ಮಾತಾಡಲಿಲ್ಲ. ಒಬ್ಬಳ ಸುಳ್ಳು ಗೊತ್ತಾದ ಒಂದೇ ಗಂಟೆಯಲ್ಲಿ ಸುಳ್ಳು ಹೇಳದ ಇನ್ನೊಬ್ಬರನ್ನು ನಾನು ಅನುಮಾನಿಸಿದ್ದೆ. ಅವಳು ನನ್ನಿಂದ ತೆಗೆದುಕೊಂಡದ್ದು ಏನೆಂದು ಆಗ ಸರಿಯಾಗಿ ತಿಳಿಯಿತು.

ಲ್ಯಾಬ್‌ನಲ್ಲಿ ಹೆಸರಿನ ಚೀಟಿ ತಪ್ಪಾದ ರಕ್ತದ ಟ್ಯೂಬ್ ಬಂದರೆ ನಾವು ತಲೆ ಕೆಡಿಸಿಕೊಳ್ಳುವುದಿಲ್ಲ. ಎಸೆದು, ಹೊಸದಾಗಿ ರಕ್ತ ತೆಗೆದು, ಹೊಸ ಚೀಟಿ ಅಂಟಿಸುತ್ತೇವೆ. ಎಪ್ಪತ್ತೊಂದು ಊಟಕ್ಕೆ ಹಾಗೆ ಮಾಡಲಾಗುವುದಿಲ್ಲ. ‘ಮುಂಚೆ’ ಎಂಬ ಪದಗಳನ್ನು ಹೊಡೆದುಹಾಕಬೇಕೆಂದು ಕೆಂಪು ಪೆನ್ನು ತೆಗೆದೆ. ಮೂರು ಹೊಡೆದು ನಿಲ್ಲಿಸಿದೆ. ಅವು ನಾನು ಕೇಳಿಸಿಕೊಂಡ ಮಾತುಗಳು. ಕೇಳಿಸಿಕೊಂಡದ್ದಂತೂ ಸುಳ್ಳಲ್ಲ.

ಸಂಜೆ ಅಪ್ಪನಿಗೆ ಹೇಳಿದೆ. “ಗೊತ್ತಿಲ್ದೆ ತಿಂದಿದ್ದು ನಿನ್ನ ಮೇಲೆ ಬರಲ್ಲ. ಅದನ್ನ ಹೊತ್ಕೊಂಡ್ ಓಡಾಡ್ಬೇಡ,” ಅಂದರು. ಆಮೇಲೆ, “ಮೂರನೇ ಮಾತು ನೆನಪಿತ್ತಾ?” ಎಂದು ಕೇಳಿದರು.

“ನೆನಪಿತ್ತಪ್ಪ. ಅವಳೇ ಹೇಳ್ತೀನಿ ಅಂದ್ಲು.”

“ನಿನ್ನ ಗೆರೆ ಎಲ್ಲಿದೆ ಅಂತ ನೀನೇ ಹೇಳ್ಬೇಕಿತ್ತಮ್ಮ. ಬಾಡಿಗೆಗೆ ಕೊಡೋದಲ್ಲ ಅದು.” ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಇನ್ನೊಂದು ವಿಷಯ ಉಳಿದಿತ್ತು. ಜೂನ್ 22ರ ಭಾನುವಾರ ನಮ್ಮ ಚರ್ಚಿನ ಸಭೆಯ ಯುವಜನರ ಕೂಟದಲ್ಲಿ ನಾನು ಮಾತಾಡಿದ್ದೆ. ಬೇರೆ ನಂಬಿಕೆಯವರನ್ನು ಹತ್ತಿರದವರನ್ನಾಗಿ ಮಾಡಿಕೊಂಡೂ ನಮ್ಮ ಗೆರೆ ಉಳಿಸಿಕೊಳ್ಳುವುದು ಹೇಗೆ ಎಂಬುದು ವಿಷಯ. ನೀಲಿ ಚುಕ್ಕೆಯ ಕ್ಯಾರಿಯರಿನ ಕಥೆ ಹೇಳಿದ್ದೆ. ಪ್ರೀತಿಯಿಂದ ಕೇಳಿದರೆ ಅವರೂ ಪ್ರೀತಿಯಿಂದ ಜಾಗ ಮಾಡಿಕೊಡುತ್ತಾರೆ ಎಂದಿದ್ದೆ. ಹದಿನೆಂಟು ಜನ ಇದ್ದರು. ಒಬ್ಬ ಹುಡುಗಿ ಬರೆದುಕೊಂಡಿದ್ದಳು. ಆಫೀಸಿನ ಗೆಳತಿಯ ಮನೆಯ ಹಬ್ಬಕ್ಕೆ ತಾನೂ ಹಾಗೇ ಕೇಳುತ್ತೇನೆ ಎಂದು ನನ್ನ ಕೈ ಹಿಡಿದು ಹೇಳಿ ಹೋಗಿದ್ದಳು.

ಅದನ್ನು ತಿದ್ದಲೇಬೇಕಿತ್ತು. ಆಗಸ್ಟ್ 24ರ ಕೂಟದಲ್ಲಿ ಎದ್ದು ನಿಂತು, ನಾನು ಹೇಳಿದ್ದು ನಿಜವಲ್ಲ, ನನಗೆ ಗೊತ್ತಿರಲಿಲ್ಲ, ಈಗ ಗೊತ್ತಾಗಿದೆ ಎಂದೆ. ಎಡೆಗೆ ಮುಂಚೆ ತೆಗೆದಿಡಿ ಎಂದು ಕೇಳುವುದೇ ಅಂಥ ಮನೆಗಳಲ್ಲಿ ಅವರ ಗೆರೆಯನ್ನು ಅಳಿಸಿ ಎಂದು ಕೇಳಿದಂತೆ, ಅದನ್ನು ನಾನು ಹನ್ನೆರಡು ವರ್ಷ ಯೋಚಿಸಿಯೇ ಇರಲಿಲ್ಲ ಎಂದೂ ಹೇಳಿದೆ. ಬರೆದುಕೊಂಡ ಹುಡುಗಿ ತಲೆ ತಗ್ಗಿಸಿದಳು.

ಕೂಟ ಮುಗಿದ ಮೇಲೆ ಹಿರಿಯರೊಬ್ಬರು ಹತ್ತಿರ ಬಂದರು. ಅವರ ಮುಖದಲ್ಲಿ ಒಂದು ಥರದ ಗೆಲುವು ಇತ್ತು. “ನೋಡಿದ್ಯಾ? ಅದಕ್ಕೇ ನಾವು ಹೇಳೋದು. ಅವರ ಮನೆ ಹೊಸಿಲು ತುಳೀಬಾರ್ದು ಅಂತ. ಬೇಕಂತಲೇ ತಿನ್ಸಿರ್ತಾರೆ.”

“ಬೇಕಂತ ಅಲ್ಲ ಅಂಕಲ್. ನಾನ್ ಬರ್ಲಿ ಅಂತ.”

“ಎಲ್ಲಾ ಒಂದೇನಮ್ಮ.”

“ಒಂದೇ ಅಲ್ಲ ಅಂಕಲ್,” ಅಂದೆ. ಧ್ವನಿ ಜೋರಾಯಿತು. ನಮ್ಮ ಅಯ್ಯನವರು, ಅಂದರೆ ಸಭೆಯ ಬೋಧಕರು, ಬಂದು ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋದರು.

ನನ್ನ ಮಾತನ್ನು ತಿದ್ದಲು ಹೋಗಿ ಗೆಳತಿಯನ್ನು ಆ ಹಿರಿಯರಂಥವರ ಕೈಗೆ ಕೊಟ್ಟಿದ್ದೆ. ಅವಳ ಪರವಾಗಿ ಜಗಳವಾಡುತ್ತಿದ್ದಾಗಲೂ ಅವಳ ಮೇಲಿನ ಸಿಟ್ಟು ಒಂದು ಗುಲಗಂಜಿಯಷ್ಟೂ ಇಳಿದಿರಲಿಲ್ಲ. ಎರಡೂ ಒಟ್ಟಿಗೆ ಇರಬಹುದೆಂದು ನನಗೆ ಗೊತ್ತಿರಲಿಲ್ಲ.

ಸೆಪ್ಟೆಂಬರ್ 18ರಂದು ಆಂಟಿ ಫೋನ್ ಮಾಡಿದರು. “ನಾನ್ ಒಂದ್ ಯೋಚ್ನೆ ಮಾಡಿದೀನಿ ಕಣೇ,” ಅಂದರು. “ಅಡುಗೆ ಏನ್ ಮಾಡಿದ್ರೂ ದಿನಾ ಶಿವನಿಗೆ ಇಟ್ಟೇ ಉಣ್ಣೋದು ನಾವು. ಹಬ್ಬ ಅಂತಿಲ್ಲ, ಮಂಗಳವಾರದ ಉಪ್ಪಿಟ್ಟೂ ಅಷ್ಟೇ. ಆದ್ರೆ ಕಾಫಿ ಮಾತ್ರ ಇಡಲ್ಲ. ಯಾಕಿಡಲ್ಲ ಅಂತ ಕೇಳ್ಬೇಡ, ನಮ್ಮತ್ತೆ ಇಡ್ತಿರ್ಲಿಲ್ಲ. ಕಾಫಿಗ್ ಬಾ.”

ಅತ್ತೂ ನಕ್ಕೂ ಹೂಂ ಅಂದೆ.

ಸೆಪ್ಟೆಂಬರ್ 20, ಶನಿವಾರ, ಸಂಜೆ 5 ಗಂಟೆ 10 ನಿಮಿಷಕ್ಕೆ ಹೋದೆ. ಆಂಟಿ ಕಾಫಿ ಪುಡಿಯನ್ನು ನನ್ನ ಕಣ್ಣೆದುರೇ ಫಿಲ್ಟರಿಗೆ ಹಾಕಿದರು. ಹಾಲಿನ ಪ್ಯಾಕೆಟ್ಟನ್ನು ನನ್ನ ಎದುರೇ ಕತ್ತರಿಸಿದರು. ಬೇಡ ಆಂಟಿ, ತೋರಿಸಬೇಡಿ ಅನ್ನಬೇಕಿತ್ತು, ಅನ್ನಲಿಲ್ಲ. ಅರವತ್ತರ ಹತ್ತಿರದ ಹೆಂಗಸು ತನ್ನದೇ ಮನೆಯಲ್ಲಿ ಪರೀಕ್ಷೆಗೆ ನಿಂತವರಂತೆ ಒಂದೊಂದನ್ನೂ ಎತ್ತಿ ತೋರಿಸುತ್ತಿದ್ದರೆ, ನಾನು ನೋಡುತ್ತಾ ನಿಂತಿದ್ದೆ.

ಗೆಳತಿ ರೂಮಿನಲ್ಲಿದ್ದಳು. ಸ್ವಲ್ಪ ಹೊತ್ತಿಗೆ ಬಂದು ಬಾಗಿಲಿಗೆ ಒರಗಿದಳು. ಸಣ್ಣಗಾಗಿದ್ದಳು.

“ಸಕ್ಕರೆ ನಾನ್ ಹಾಕ್ಲಾ? ಇಲ್ಲ ಅದಕ್ಕೂ ಸಾಕ್ಷಿ ಬೇಕಾ?”

ಆಂಟಿ “ಲೇ” ಎಂದು ಗದರಿದರು. ಮೊದಲಾಗಿದ್ದರೆ ನಾನು ನಗುತ್ತಿದ್ದೆ, ನಾಲ್ಕು ಮಾತು ತಿರುಗಿಸಿ ಹೇಳುತ್ತಿದ್ದೆ. ಅವಳು ಕಾಯುತ್ತಿದ್ದಳು. ನನಗೆ ನಗು ಬರಲಿಲ್ಲ.

“ಸಾರಿ ಕಣೇ,” ಅಂದಳು. “ಪ್ರತಿ ಸಲ ಹೂಂ ಅಂದಾಗ್ಲೂ ಮುಂದಿನ ಸಲ ಹೇಳ್ಬಿಡೋಣ ಅಂದ್ಕೊಳ್ತಿದ್ದೆ. ನಂಬು.”

ನಂಬು. ಆ ಮಾತು ನಿಜವಿರಬಹುದು. ಅವಳ ಮುಖ ನೋಡಿದೆ, ಕೈ ನೋಡಿದೆ. ಹನ್ನೆರಡು ವರ್ಷ “ಹೂಂ ಮಾರಾಯ್ತಿ” ಅಂದಾಗಲೂ ಮುಖ ಹೀಗೇ ಇತ್ತು. ವ್ಯತ್ಯಾಸ ಹೇಗೆ ಕಂಡುಹಿಡಿಯಬೇಕೆಂದು ತಿಳಿಯಲಿಲ್ಲ. “ಕ್ಷಮಿಸಿದೀನಿ,” ಅಂದೆ. ಅದು ಖಂಡಿತ ನಿಜ, ಕ್ಷಮಿಸಿದ್ದೇನೆ, ಅದಕ್ಕಾಗಿ ಬಹಳ ದಿನ ಪ್ರಾರ್ಥಿಸಿದ್ದೆ. ಆದರೆ ನಂಬಿದ್ದೇನೆ ಅನ್ನಲಿಲ್ಲ. ಅವಳಿಗೂ ಅದು ಕೇಳಿಸಿತು. ಲೋಟ ಎತ್ತಿಕೊಂಡು ಒಳಗೆ ಹೋದಳು.

ಅದಾದ ಮೇಲೆ ನಾಲ್ಕು ಸಲ ಹೋಗಿದ್ದೇನೆ, ನಾಲ್ಕೂ ಸಲ ಕಾಫಿ. ಎರಡು ಸಲ ಅವಳು ಮನೆಯಲ್ಲಿರಲಿಲ್ಲ. ಉಳಿದೆರಡು ಸಲ ಹವಾಮಾನ, ಮೆಟ್ರೋ, ಅವಳ ಅಣ್ಣನ ಮಗುವಿನ ಹಲ್ಲು, ಇಂಥವೇ ಮಾತಾಡಿದೆವು. ಏನನ್ನೂ ಪರೀಕ್ಷಿಸಬೇಕಾಗಿಲ್ಲದ ವಿಷಯಗಳನ್ನು ಹುಡುಕಿ ಹುಡುಕಿ ಆಡುತ್ತಿದ್ದೇವೆ. ಊಟದ ವಿಷಯದಲ್ಲಿ ಗೆರೆ ಈಗ ಸ್ಪಷ್ಟವಾಗಿದೆ, ಆಂಟಿಗೂ ನನಗೂ. ಅವಳ ಮತ್ತು ನನ್ನ ನಡುವೆ ಯಾರೂ ಎಳೆಯದ ಇನ್ನೊಂದು ಗೆರೆ ಬಂದಿದೆ. ಅದನ್ನು ದಾಟುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ.

ಇದನ್ನು ಓದುವವರಲ್ಲಿ ನನ್ನಂತೆ ಬೇರೆ ನಂಬಿಕೆಯ ಮನೆಯೊಂದನ್ನು ತಮ್ಮದೆಂದುಕೊಂಡು ಬೆಳೆದವರು ಇದ್ದೇ ಇರುತ್ತಾರೆ. ಎರಡೂ ಕಡೆಯ ನಿಯಮ ಮುರಿಯದೆ ಒಂದೇ ಸಾಲಿನಲ್ಲಿ ಕೂತು ಉಣ್ಣುವ ದಾರಿ ನಿಮ್ಮ ಮನೆಗಳಲ್ಲಿ ಯಾರಾದರೂ ಕಂಡುಕೊಂಡಿದ್ದರೆ ಬರೆದು ತಿಳಿಸಿ. ಕ್ಷಮಿಸಿದ ಮೇಲೂ ಬಾರದ ನಂಬಿಕೆ ಎಷ್ಟು ದಿನಕ್ಕೆ ಬಂತು, ಅಥವಾ ಬರಲೇ ಇಲ್ಲವೇ, ಅದನ್ನೂ ಬರೆಯಿರಿ. ಸಮಾಧಾನದ ಮಾತು ಬೇಡ. ನಿಮಗೆ ಆದದ್ದು ಏನೋ ಅಷ್ಟನ್ನೇ, ಆದ ಹಾಗೇ ಬರೆದರೆ ಸಾಕು.